ಕೆರೆಯ ಪಾಲಾಗುವ ಗೊಬ್ಬರ

ಬೆಂಕಿಪೆಟ್ಟಿಗೆಯ ಪಕ್ಕಕ್ಕೆ ಬಳಿದ ಕಂದು ಲೇಪದಲ್ಲಿ ರಂಜಕವಿದೆಯೆಂದು ವಾಚಕರಲ್ಲಿ ಅನೇಕರು ಶಾಲೆಯಲ್ಲಿ ಓದಿರಬಹುದು. ಅದೇ ರಂಜಕ ನಮ್ಮ ಎಲುಬಿನಲ್ಲಿದೆ, ರಾಗಿಯ ಕಾಳಿನಲ್ಲಿದೆ, ಕೊಟ್ಟಿಗೆಯ ಸಗಣಿಯಲ್ಲಿಯೂ ಇದೆ. ಈ ವಾರ ಮಾತು ಕೊನೆಯದನ್ನು ಕುರಿತು. ಪಟ್ಟಣದ ಪಡಸಾಲೆಯಲ್ಲಿ ಸಗಣಿಯ ಪ್ರಸ್ತಾಪವೇಕೆಂದು ಹುಬ್ಬುಗಂಟಿಕ್ಕುವವರು ಸ್ವಲ್ಪ ತಾಳಬೇಕು. ಉದ್ಯೋಗ ಬೆಂಗಳೂರಿನಲ್ಲಿ, ನಾಲ್ಕೆಕರೆ ತೆಂಗಿನ ತೋಟ ಅರಸೀಕೆರೆಯ ಸೀಮೆಯಲ್ಲಿ ಎಂಬ ಸಂಸಾರಗಳು ನಮ್ಮಲ್ಲಿ ವಿರಳವಲ್ಲ. ತೋಟಕ್ಕೆ ಯಾವ ಗೊಬ್ಬರ, ಎಷ್ಟು, ಯಾವಾಗ ಎಂಬುದು ಬಹುಮಟ್ಟಿಗೆ ದೂರವಾಣಿಯಲ್ಲಿಯೇ ತೀರ್ಮಾನವಾಗುತ್ತದೆ.

ಜಾವಗಲ್ಲನ್ನೇ ತೆಗೆದುಕೊಳ್ಳೋಣ. ಹಳೇಬೀಡಿಗೆ ಹೋದ ಯಾತ್ರಿಕರಲ್ಲಿ ಕೆಲವರು ಅಲ್ಲಿನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನೂ ನೋಡಿಬಂದಿರುತ್ತಾರೆ. ಉಳಿದವರಿಗೆ ಆ ಊರು ಕ್ರಿಕೆಟ್ ಆಟಗಾರ ಶ್ರೀನಾಥರ ಹೆಸರಿನ ಮೊದಲ ಪದವಾಗಿ ಪರಿಚಿತ. ಸುತ್ತಲೂ ರಾಗಿಯ ಹೊಲ, ತೆಂಗಿನ ತೋಟ. ಮಲೆನಾಡಿನ ಮಳೆ ಇಲ್ಲಿಗೆ ತಲಪುವ ವೇಳೆಗೆ ತನ್ನ ಬಲವನ್ನೆಲ್ಲ ಕಳೆದುಕೊಂಡಿರುತ್ತದೆ. ಆದುದರಿಂದಲೇ ಹಿರಿಯರು ಇಳಿಜಾರು ಕಂಡಲ್ಲೆಲ್ಲ ಏರಿಕಟ್ಟಿ ನೀರನ್ನು ನಿಲ್ಲಿಸಿದರು. ಹೊಲದ ಮೇಲೆ ಬಿದ್ದು ಹರಿದುದು ಕೆರೆಗೆ ಬರಬೇಕು. ಅದೇ ಆ ಏರ್ಪಾಡಿನ ಜಾಣ್ಮೆ. ನೀರಿನೊಡನೆ ಹೊಲದ ಸಾರವೂ ಬರುತ್ತದೆಂಬುದೇ ಅದರ ತೊಡಕು.

ಗೊಬ್ಬರದಲ್ಲಿರುವ ಸಾರಜನಕದ ಸ್ವಭಾವ ಬೇರೆ, ರಂಜಕದ ಸ್ವಭಾವ ಬೇರೆ. ಸಾರಜನಕ ಗಾಳಿಗೂ ಹೋಗುತ್ತದೆ, ನೀರಿನೊಡನೆ ಆಳಕ್ಕೂ ಇಳಿಯುತ್ತದೆ. ರಂಜಕವು ಹಾಗಲ್ಲ, ಕೆಂಪುಮಣ್ಣಿನ ಕಬ್ಬಿಣದ ಅಂಶವನ್ನು ಹಿಡಿದು ಅಲ್ಲಿಯೇ ಕುಳಿತುಬಿಡುತ್ತದೆ. ಹಾಗೆ ಕುಳಿತುದು ನಮ್ಮ ಆಸ್ತಿ ಎಂದುಕೊಂಡರೆ ಮೋಸ. ಮಣ್ಣು ಕೊಚ್ಚಿಹೋದಾಗ ಅದೂ ಮಣ್ಣಿನ ಬೆನ್ನೇರಿ ಹೋಗುತ್ತದೆ. ಇನ್ನು, ಗೊಬ್ಬರವನ್ನು ಮಣ್ಣಿಗೆ ಸೇರಿಸದೆ ಮೇಲೆಯೇ ಬಿಟ್ಟರೆ ಸ್ವಲ್ಪ ಪಾಲು ಮಳೆಯ ನೀರಿನಲ್ಲಿ ನೇರವಾಗಿ ಕರಗಿ ಹರಿಯುತ್ತದೆ. ಬೇಸಗೆಯಲ್ಲಿ ಗಾಡಿಯಿಂದ ಇಳಿಸಿದ ಗುಡ್ಡೆಗಳು ಬಿತ್ತನೆಯ ಕಾಲದವರೆಗೂ ಹೊಲದಲ್ಲಿ ಹಾಗೆಯೇ ಬಿದ್ದಿರುತ್ತವೆ. ಅಷ್ಟರೊಳಗೆ ಭರಣಿ ಬರುತ್ತದೆ, ಕೃತ್ತಿಕೆ ಬರುತ್ತದೆ. ಗುಡುಗು ಸಿಡಿಲಿನ ಒಂದು ಸಂಜೆಯ ಮಳೆ ಸಾಕು. ಗುಡ್ಡೆಯ ಕೆಳಗಿನಿಂದ ಹೊರಟ ಕಂದುನೀರು ಕೆರೆಯ ದಾರಿಯನ್ನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ಕೆರೆಯಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಕೊರತೆಯಾಗಿರುವ ವಸ್ತುವೇ ಈ ರಂಜಕ. ಅದು ದೊರೆತೊಡನೆ ನೀರು ಹಸುರಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ನುಂಗುತ್ತದೆ, ಮೀನು ಸಾಯುತ್ತದೆ. ಕೆಲವು ಜಾತಿಯ ಪಾಚಿ ವಿಷವನ್ನೂ ಬಿಡುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದ 4 ಲಕ್ಷಕ್ಕೂ ಮಿಕ್ಕ ಜನರಿಗೆ ನಲ್ಲಿಯ ನೀರನ್ನು ಕುಡಿಯಕೂಡದೆಂದು ಆಜ್ಞೆಯಾಯಿತು. ಕಾಯಿಸಿ ಕುಡಿಯೋಣವೆಂದರೆ ಆ ವಿಷ ಕಾಯಿಸಿದರೂ ಹೋಗುವುದಲ್ಲ. ಈರಿ ಸರೋವರದಲ್ಲಿ ಆ ಪಾಚಿಯನ್ನು ಸಾಕಿದುದು ಮುಖ್ಯವಾಗಿ ಸುತ್ತಣ ಹೊಲಗಳಿಂದ ಹರಿದುಬಂದ ರಸಗೊಬ್ಬರ ಮತ್ತು ಕೊಟ್ಟಿಗೆಯ ಗೊಬ್ಬರ. ನಮ್ಮ ಬೆಂಗಳೂರಿನ ಕೆರೆಗಳ ಕಥೆಯಲ್ಲಿ ಹೊಲಕ್ಕಿಂತ ಚರಂಡಿಯ ಪಾತ್ರ ದೊಡ್ಡದು. ಅದು ಬೇರೆಯೇ ಅಧ್ಯಾಯ.

ಈಗ ಲೆಕ್ಕಕ್ಕೆ ಬರೋಣ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಫಲಕೊಡುವ ಒಂದು ತೆಂಗಿಗೆ ವರ್ಷಕ್ಕೆ 320 ಗ್ರಾಂ ರಂಜಕಾಂಶ (ಗೊಬ್ಬರದ ಚೀಲದ ಮೇಲೆ ನಮೂದಿಸುವ ಲೆಕ್ಕದಲ್ಲಿ) ಸಾಕು. ಕೊಟ್ಟಿಗೆಯ ಗೊಬ್ಬರದಲ್ಲಿ ಅದು ಸುಮಾರು ನೂರಕ್ಕೆ 0.2ರಷ್ಟು, ಮರಕ್ಕೆ 50 ಕಿಲೋ ಹಾಕಿದರೂ 100 ಗ್ರಾಂ ಆಯಿತು. ಕೋಳಿಗೊಬ್ಬರದಲ್ಲಿಯಾದರೋ ನೂರಕ್ಕೆ ಸುಮಾರು 2.6! ಸಗಣಿಗೊಬ್ಬರದ ಹಳೆಯ ರೂಢಿಯಂತೆ ಅದನ್ನೂ 50 ಕಿಲೋ ಸುರಿದರೆ 1300 ಗ್ರಾಂ, ಅಂದರೆ ನಾಲ್ಕು ವರ್ಷದ ಗ್ರಾಸ, ಒಂದೇ ಸಲಕ್ಕೆ ಮರದ ಬುಡಕ್ಕೆ ಬೀಳುತ್ತದೆ. ಸುಮಾರು 12 ಕಿಲೋ ಹಾಕಿದರೆ ಮರಕ್ಕೆ ಬೇಕಾದುದು ಪೂರೈಸುತ್ತದೆ. ಲಾರಿ ಬಂದಿದೆ, ಇಳಿಸಿಬಿಡಿ ಎಂಬ ಧಾರಾಳತನ ಇಲ್ಲಿ ಸಲ್ಲದು. ಪಾತಿ ತೆಗೆಯುವ ಕೂಲಿ ಉಳಿಯಲೆಂದು ಅದನ್ನು ಸಾಲುಗಳ ನಡುವೆ ಎರಚಿಬಿಡುವುದಂತೂ ಕೆರೆಗೆ ಕೊಡುವ ದಾನವೇ ಸರಿ. ಭಾರತಕ್ಕೆ ಬೇಕಾದ ರಂಜಕದ ಕಲ್ಲಿನ ಬಹುಭಾಗ ಮೊರಾಕೊ, ಜೋರ್ಡಾನ್ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆಂಬುದನ್ನು ನೆನೆದರೆ ಈ ದಾನದ ಬೆಲೆ ತಿಳಿದೀತು.

ಮರದಿಂದ 6 ಅಡಿಯವರೆಗೆ ಪಾತಿ ತೆಗೆದು, ಗೊಬ್ಬರ ಹರಡಿ, ಅಂದೇ ಮಣ್ಣು ಮುಚ್ಚುವುದು. ರಾಗಿಯ ಹೊಲದಲ್ಲಾದರೆ ಗುಡ್ಡೆಯನ್ನು ಹರಡಿದ ದಿನವೇ ನೇಗಿಲು ಹೊಡೆಯುವುದು. ಮೋಡ ಕವಿದಿರುವಾಗ ಗಾಡಿ ಹೂಡದಿರುವುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಇಳಿಜಾರಿನ ಬದುವಿನ ಮೇಲೆ ಲಾವಂಚ ನೆಟ್ಟರೆ ಅದರ ಒತ್ತಾದ ಬುಡ ಮಣ್ಣನ್ನು ತಡೆಯುತ್ತದೆ; ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಎಲ್ಲೆಗೆ ಅದನ್ನು ಬಹುಕಾಲದಿಂದ ಬೆಳೆಸಿಕೊಂಡು ಬಂದವರು. ತಿಪ್ಪೆಯದು ಮತ್ತೊಂದು ಸೋರುವ ಬಾಗಿಲು. 1939ರಲ್ಲಿ ಬೆಂಗಳೂರಿನಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ವಿಧಾನದಲ್ಲಿ ಕಸ ಮತ್ತು ಸಗಣಿಯನ್ನು ಗುಂಡಿಯಲ್ಲಿ ಪದರುಪದರಾಗಿ ತುಂಬಿ ಮೇಲೆ ಕೆಸರಿನಿಂದ ಮೆತ್ತುತ್ತಾರೆ. ಮಳೆಗೆ ಒಳಕ್ಕೆ ದಾರಿಯಿಲ್ಲ, ರಸಕ್ಕೆ ಹೊರಕ್ಕೆ ದಾರಿಯಿಲ್ಲ. ಬೆಂಗಳೂರಿನ ಹೆಸರನ್ನು ಹೊತ್ತ ಈ ವಿಧಾನವನ್ನು ಬೆಂಗಳೂರಿಗರೇ ಮರೆತಿರುವುದು ವಿಷಾದಕರ.

ಲಾರಿಯನ್ನು ಗೊತ್ತುಮಾಡುವ ಮೊದಲು ತೋಟದ ಮಣ್ಣನ್ನು ಪರೀಕ್ಷಿಸಿದ್ದಾರೆಯೇ ಎಂದು ಒಂದು ಮಾತು ಕೇಳಬೇಕು. 2015ರಲ್ಲಿ ಪ್ರಾರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಂಜಕಕ್ಕೆ ಪ್ರತ್ಯೇಕ ಅಂಕಣವಿದೆ. ಹಾಸನದ ಬಳಿ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ರಂಜಕ ‘ಅಧಿಕ’ ಎಂದು ಬಂದಿದ್ದರೆ ಆ ವರ್ಷ ಕೋಳಿಗೊಬ್ಬರದ ಹಣ ಹಾಗೆಯೇ ಉಳಿಯಿತು.

ಈಗಾಗಲೇ ಕೆರೆ ಸೇರಿರುವುದರ ಗತಿಯೇನು? ಹಿಂದಿನವರು ಕೆರೆಯ ನಿರ್ವಹಣೆಗೆಂದೇ ಭೂಮಿಯನ್ನು ಬಿಟ್ಟು ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಬರೆಸಿದರು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ. ಹೊಲ ಕಳೆದುಕೊಂಡ ರಂಜಕ ಆ ಗಾಡಿಯಲ್ಲಿ ಮರಳಿ ಬರುತ್ತದೆ, ಕೆರೆಯ ಆಳವೂ ಹೆಚ್ಚುತ್ತದೆ. ಊರ ಚರಂಡಿ ಸೇರುವ ಕೆರೆಯಾದರೆ ಮಾತ್ರ ಗೋಡನ್ನು ಪರೀಕ್ಷೆಗೆ ಕಳುಹಿಸದೆ ಹೊಲಕ್ಕೆ ಹೊಡೆಸಬಾರದು.