ಮೊದಲು ಮನೆಯವರ ಒಪ್ಪಿಗೆ

1988ರ ಅನ್ಫಾಲ್ ಕಾರ್ಯಾಚರಣೆಯಲ್ಲಿ ಸದ್ದಾಂ ಸೇನೆ ಇರಾಕಿನ ಕುರ್ದಿ ಹಳ್ಳಿಗಳನ್ನು ಸಾಲುಸಾಲಾಗಿ ನೆಲಸಮ ಮಾಡಿತು. ಬದುಕುಳಿದವರ ಬಳಿ ಉಳಿದದ್ದು ಒಂದಷ್ಟು ಫೋಟೊ. ಸಾಮೂಹಿಕ ಗೋರಿಗಳನ್ನು ಚಿತ್ರೀಕರಿಸಲು 1991ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಛಾಯಾಗ್ರಾಹಕಿ ಸೂಸನ್ ಮೈಸೆಲಾಸ್, ಮುಂದೆ ಕುರ್ದಿ ಕುಟುಂಬಗಳ ಹಳೆಯ ಫೋಟೊಗಳನ್ನು ಅವರ ಮುಂದೆಯೇ ಕ್ಯಾಮೆರಾದಲ್ಲಿ ಸೆರೆಹಿಡಿದು, ಮೂಲಪ್ರತಿ ಅವರಲ್ಲೇ ಬಿಟ್ಟರು. ಅದೇ ಸರಿಯಾದ ಕ್ರಮ.

ಈಗ ಇಂಥ ಫೋಟೊಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸುವುದು ಸಂಗ್ರಹ ಸಂಸ್ಥೆಗಳಿಗೆ ಕ್ಷಣದ ಕೆಲಸ. ಆದರೆ ಬಂದೂಕು ಹಿಡಿದು ನಿಂತ ಪೇಶ್ಮೆರ್ಗಾ (ಕುರ್ದಿ ಹೋರಾಟಗಾರ) ಚಿಕ್ಕಪ್ಪನ ಚಿತ್ರ, ಗಡಿಯಾಚೆಯ ಟರ್ಕಿಯಲ್ಲೋ ಇರಾನಿನಲ್ಲೋ ಇರುವ ನೆಂಟರನ್ನು ಇಂದಿಗೂ ಠಾಣೆಗೆ ಎಳೆದೀತು. ಹೆಸರು, ಊರು ಪ್ರಕಟಿಸುವ ಮುನ್ನ ಮನೆಯವರನ್ನು ಕೇಳಬೇಕು. ನಾಳೆ ಅವರು ಬೇಡವೆಂದರೆ ತೆಗೆಯಬೇಕು. ಫೋಟೊದ ಹಿಂಬದಿಯ ಬರಹವೂ ಸ್ಕ್ಯಾನ್ ಆಗಲಿ. ಅಜ್ಜಿ ಇರುವಾಗಲೇ ಯಾರು ಯಾರೆಂದು ಬರೆದಿಡಲಿ. ಅಷ್ಟು ವ್ಯವಧಾನವಿಲ್ಲದ ಸಂಸ್ಥೆಗಳು ಆಲ್ಬಂ ಕೇಳದಿರುವುದೇ ಲೇಸು.