ಸಾಕಷ್ಟು ಕೆಡದ ಯಕೃತ್ತಿಗೆ ಔಷಧಿಯಿಲ್ಲ!

ನಿಮಗೆ ರೋಗವಿರುವುದು ನಿಜ, ಅದನ್ನು ಗುಣಪಡಿಸುವ ಔಷಧಿ ಇರುವುದೂ ನಿಜ; ಆದರೆ ನಿಮ್ಮ ಯಕೃತ್ತು ಇನ್ನೂ ಸಾಕಷ್ಟು ಕೆಟ್ಟಿಲ್ಲ, ಕೆಟ್ಟ ಮೇಲೆ ಬನ್ನಿ. ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರದಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗೆ ವಿಮಾ ವ್ಯವಸ್ಥೆಯು ವರ್ಷಗಟ್ಟಲೆ ನೀಡಿದ ಉತ್ತರದ ಸಾರ ಇದುವೇ ಆಗಿತ್ತು.

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೋಸ್‌ಬುವಿರ್ ಎಂಬ ಮಾತ್ರೆಗೆ ಅನುಮತಿ ದೊರೆಯಿತು. ಅದುವರೆಗೆ ಈ ರೋಗಕ್ಕಿದ್ದ ಇಂಟರ್‌ಫೆರಾನ್ ಚುಚ್ಚುಮದ್ದು ರೋಗಿಯನ್ನು ತಿಂಗಳುಗಟ್ಟಲೆ ಹೈರಾಣಾಗಿಸುತ್ತಿತ್ತು, ಅನೇಕರಿಗೆ ಗುಣವೂ ಆಗುತ್ತಿರಲಿಲ್ಲ. ಹೊಸ ಮಾತ್ರೆಗಳು ಸಾಮಾನ್ಯವಾಗಿ 12 ವಾರಗಳಲ್ಲಿ ನೂರಕ್ಕೆ 90ಕ್ಕಿಂತಲೂ ಹೆಚ್ಚು ಮಂದಿಯನ್ನು ವೈರಾಣುವಿನಿಂದ ಮುಕ್ತಗೊಳಿಸಿದವು. ಗಿಲಿಯಡ್ ಕಂಪೆನಿ ಕಟ್ಟಿದ ಬೆಲೆಯೋ, ಮಾತ್ರೆಯೊಂದಕ್ಕೆ 1000 ಡಾಲರ್! 12 ವಾರಗಳಿಗೆ 84,000 ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 50 ಲಕ್ಷ ರೂಪಾಯಿ. ಸಂಶೋಧನೆಯ ವೆಚ್ಚವೆಂದು ಸಮರ್ಥಿಸುವವರಿದ್ದಾರೆ. ಆದರೆ ಆದಾಯವನ್ನು ಗರಿಷ್ಠಗೊಳಿಸುವುದೇ ಈ ಬೆಲೆಯ ಗುರಿಯಾಗಿತ್ತೆಂದು ಅಮೆರಿಕದ ಸೆನೆಟ್ ಹಣಕಾಸು ಸಮಿತಿಯ ತನಿಖೆಯೇ 2015ರ ಡಿಸೆಂಬರ್‌ನಲ್ಲಿ ಹೇಳಿತು.

ಕಂಪೆನಿಯ ದುರಾಸೆಯನ್ನು ಎಲ್ಲರೂ ಖಂಡಿಸಿದರು. ವಿಮೆಯವರನ್ನು ಕೇಳಿದವರು ಕಡಿಮೆ. ಅನೇಕ ಖಾಸಗಿ ವಿಮಾ ಕಂಪೆನಿಗಳೂ ಬಡವರ ಮೆಡಿಕೈಡ್ ಯೋಜನೆಯನ್ನು ನಡೆಸುವ ರಾಜ್ಯಗಳೂ ಯಕೃತ್ತು ತೀವ್ರವಾಗಿ ಗಾಯಗೊಂಡ ಹಂತ ತಲುಪಿದವರಿಗೆ ಮಾತ್ರ ಔಷಧಿಯೆಂದು ನಿಯಮ ಮಾಡಿದವು. ಮದ್ಯ, ಮಾದಕವಸ್ತು ಬಿಟ್ಟು ಇಂತಿಷ್ಟು ತಿಂಗಳಾಗಿರಬೇಕೆಂಬ ಷರತ್ತೂ ಹಲವೆಡೆ ಇತ್ತು. ಮದ್ಯದ ಕೆಡುಕನ್ನು ನಮಗೆ ಯಾರೂ ಬೋಧಿಸಬೇಕಾಗಿಲ್ಲ. ಆದರೆ ಚಿಕಿತ್ಸೆಯನ್ನು ಸಚ್ಚಾರಿತ್ರ್ಯದ ಬಹುಮಾನವನ್ನಾಗಿ ಮಾಡುವ ಅಧಿಕಾರವನ್ನು ವಿಮೆಯವನಿಗೆ ಕೊಟ್ಟವರಾರು?

ಈ ವಿಳಂಬದ ಹಿಂದೆ ಒಂದು ಲೆಕ್ಕಾಚಾರಕ್ಕೆ ಅವಕಾಶವಿದೆ. ಈ ರೋಗ ಯಕೃತ್ತನ್ನು ಕೆಡಿಸಲು 20-30 ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರೋಗಿ ಉದ್ಯೋಗ ಬದಲಿಸುತ್ತಾನೆ, ವಿಮೆಯೂ ಬದಲಾಗುತ್ತದೆ. 65 ತುಂಬಿದರೆ ಸರಕಾರದ ಮೆಡಿಕೇರ್‌ಗೆ ಸೇರುತ್ತಾನೆ. ಇಂದು ಗುಣಪಡಿಸುವ ಖರ್ಚು ನನ್ನದು, ನಾಳಿನ ಕ್ಯಾನ್ಸರ್‌ನ ಖರ್ಚು ಇನ್ನೊಬ್ಬನದು! ಹೀಗಿರುವಾಗ ಕಾಯಿಸುವುದರಲ್ಲೇ ಲಾಭವಲ್ಲವೇ?

2015ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. 2016ರ ಮೇಯಲ್ಲಿ ವಾಷಿಂಗ್ಟನ್ ರಾಜ್ಯದ ಮೆಡಿಕೈಡ್ ರೋಗಿಗಳಿಗೆ ಯಕೃತ್ತಿನ ಸ್ಥಿತಿ ನೋಡದೆ ಔಷಧಿ ಕೊಡಬೇಕೆಂದು ಫೆಡರಲ್ ನ್ಯಾಯಾಧೀಶರು ಆದೇಶಿಸಿದರು. ಬಳಿಕ ಇತರ ರಾಜ್ಯಗಳೂ ಒಂದೊಂದಾಗಿ ಹಿಂದೆ ಸರಿದವು. ಕಾಯುತ್ತಲೇ ಸತ್ತವರಿಗೆ ಯಾವ ಆದೇಶ ಪರಿಹಾರ ಕೊಟ್ಟೀತು?

ಬೇರೆ ದಾರಿ ಇರಲಿಲ್ಲವೆನ್ನುವವರು ಈಜಿಪ್ಟನ್ನು ನೋಡಲಿ. ಬಿಲ್ಹಾರ್ಜಿಯಾ ರೋಗಕ್ಕೆ ದಶಕಗಳ ಹಿಂದೆ ಮರುಬಳಸಿದ ಸೂಜಿಗಳಿಂದ ಚುಚ್ಚುಮದ್ದು ಕೊಟ್ಟು, ಈ ಸೋಂಕನ್ನು ಊರೂರಿಗೆ ಹರಡಿಸಿದ ದೇಶವದು. 2014ರಲ್ಲಿ ಅಲ್ಲಿನ ಸರಕಾರವೇ ಚೌಕಾಶಿ ಮಾಡಿ ಅದೇ ಮಾತ್ರೆಯನ್ನು 12 ವಾರಕ್ಕೆ 900 ಡಾಲರ್‌ನಂತೆ ಪಡೆಯಿತು. 2018-19ರಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷಿಸಿ, ಸೋಂಕಿತರಿಗೆ ಉಚಿತ ಚಿಕಿತ್ಸೆ ನೀಡಿತು. ಆಗ ಸ್ಥಳೀಯ ಕಂಪೆನಿಗಳೇ ಅಗ್ಗದ ಮಾತ್ರೆ ತಯಾರಿಸುತ್ತಿದ್ದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈಜಿಪ್ಟಿನ ಈ ಸಾಧನೆಯನ್ನು ಅಧಿಕೃತವಾಗಿ ಮನ್ನಿಸಿತು.

ಭಾರತದಲ್ಲಿ 2014ರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಸಹಿತ ಏಳು ಕಂಪೆನಿಗಳಿಗೆ ತಯಾರಿಕೆಯ ಪರವಾನಗಿ ದೊರೆಯಿತು. 2015ರ ಮಾರ್ಚ್‌ನಲ್ಲಿ ನ್ಯಾಟ್ಕೋ ಕಂಪೆನಿ 28 ಮಾತ್ರೆಗಳಿಗೆ ಇಟ್ಟ ಬೆಲೆ 19,900 ರೂಪಾಯಿ. ಇಷ್ಟಾದರೂ ಆರೋಗ್ಯ ವಿಮೆಯೇ ಸರ್ವರೋಗಕ್ಕೂ ಮದ್ದೆಂದು ನಮ್ಮಲ್ಲಿ ಪ್ರಚಾರ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಮಲಗಿದವನ ಬಿಲ್ಲನ್ನು ತೆರುವ ಹೆಚ್ಚಿನ ಪಾಲಿಸಿಗಳಿಗೆ ಮನೆಯಲ್ಲಿ ನುಂಗುವ ಮಾತ್ರೆ ಲೆಕ್ಕಕ್ಕೇ ಬರುವುದಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಪರೀಕ್ಷೆ ಮತ್ತು ಮಾತ್ರೆ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಹಿಂದೆಂದಾದರೂ ರಕ್ತ ಪಡೆದವರು, ಡಯಾಲಿಸಿಸ್‌ನಲ್ಲಿರುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರನ್ನು ಅಲ್ಲಿಗೆ ಕರೆದೊಯ್ಯಲು ಯಾವ ಪ್ರೀಮಿಯಂ ರಶೀದಿಯೂ ಬೇಕಾಗಿಲ್ಲ.