ಮಗಳು ಜರ್ಮನ್ ಓದ್ತೀನಿ ಅಂದಳಾ?

ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಏನು ಮಾತು ನಡೆಯುತ್ತೆ ಅಂತ ಬೇರೆ ಹೇಳಬೇಕೇ? ಸಿಇಟಿ, ನೀಟ್, ಅದಿಲ್ಲದಿದ್ದರೆ ಬಿಕಾಂ, ಬಿಬಿಎ. ಇದರ ಮಧ್ಯೆ ಮಗಳು ತಣ್ಣಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತು "ಅಮ್ಮಾ, ನಾನು ಜರ್ಮನ್‌ನಲ್ಲಿ ಬಿಎ ಮಾಡ್ತೀನಿ" ಅಂದರೆ ಒಲೆ ಮೇಲಿನ ಒಗ್ಗರಣೆ ಸೀದುಹೋಗುವುದು ಗ್ಯಾರಂಟಿ. "ಅದನ್ನ ಓದಿ ಯಾರಿಗೆ ಕೆಲಸ ಸಿಕ್ಕಿದೆ?" ಅನ್ನುವುದು ಅಪ್ಪನ ಮಾತು. "ಬಿಕಾಂ ಮಾಡು, ಬೇಕಿದ್ರೆ ಸಂಜೆ ಹೊತ್ತು ಜರ್ಮನ್ ಕ್ಲಾಸಿಗೆ ಹೋಗು" ಅನ್ನುವುದು ನಮ್ಮ ರಾಜಿ ಪಂಚಾಯಿತಿ. ಆದರೆ ಮಗಳು ಕೇಳಿದ್ದು ಸಂಜೆ ಕ್ಲಾಸನ್ನಲ್ಲ. ಎರಡೂ ಬೇರೆ ಬೇರೆ.

ಸಂಜೆ ಕ್ಲಾಸಿಗೆ ಅದರದೇ ಉಪಯೋಗ ಇದೆ. ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲು. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನ 1960ರಿಂದ ಕಲಿಸುತ್ತಾ ಬಂದಿದೆ. ಮದುವೆಯಾಗಿ ಗಂಡನ ಜೊತೆ ಜರ್ಮನಿಗೆ ಹೊರಡುವ ನಮ್ಮ ಹುಡುಗಿಯರಲ್ಲಿ ಬಹಳ ಜನ ಎ-1 ಪರೀಕ್ಷೆಗೆ ಓದುತ್ತಾರೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ 2007ರಿಂದ ಹೆಂಡತಿಯ ವೀಸಾಕ್ಕೆ ಅದು ಬೇಕೇ ಬೇಕು. ಹೆಸರು, ವಿಳಾಸ ಹೇಳಲು, ಅಂಗಡಿಯಲ್ಲಿ ಹಾಲು, ಬ್ರೆಡ್ ಕೇಳಲು ಅಷ್ಟು ಸಾಕು. ಕಾಲೇಜಿನಲ್ಲಿ ಜರ್ಮನ್ ಓದುವುದೆಂದರೆ ಆ ಭಾಷೆಯ ಜೊತೆಗೆ ಅದರ ಕಥೆ, ನಾಟಕ, ಇತಿಹಾಸ, ಆ ಜನ ಬದುಕಿದ ರೀತಿ, ಅವರು ಮಾಡಿದ ಘೋರ ತಪ್ಪು, ಎಲ್ಲವನ್ನೂ ಓದುವುದು.

ಭಾಷೆ ಕಬ್ಬಿಣದ ಕಡಲೆ ಅಂತ ಹೆದರಿಸುವವರು ಇದ್ದೇ ಇರುತ್ತಾರೆ. ಪೂರ್ತಿ ಸುಳ್ಳಲ್ಲ. ಪ್ರತಿ ವಸ್ತುವಿಗೂ ಲಿಂಗ ಉಂಟು, ಅದಕ್ಕೆ ಲೆಕ್ಕಾಚಾರವೇ ಇಲ್ಲ. ನಿಮ್ಮ ಅಡುಗೆಮನೆಯ ಡ್ರಾಯರನ್ನೇ ತೆಗೆದು ನೋಡಿ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ! ಸೂರ್ಯ ಹೆಣ್ಣು, ಚಂದ್ರ ಗಂಡು. ಇನ್ನು ಹುಡುಗಿ ಅನ್ನುವ 'ಮೇಡ್‌ಶೆನ್' ಪದವೇ ನಪುಂಸಕ. (ಇದಕ್ಕೆ ವ್ಯಾಕರಣದ ಕಾರಣ ಇದೆ, ಕೊನೆಯ 'ಶೆನ್' ಪ್ರತ್ಯಯ ಬಂದರೆ ಯಾವ ಪದವಾದರೂ ನಪುಂಸಕವಾಗುತ್ತದೆ. ಆದರೂ ಮೊದಲ ಸಲ ಕೇಳಿದಾಗ ಸಿಟ್ಟು ಬರುತ್ತೆ ಅನ್ನಿ.) ಆದರೆ ಕನ್ನಡ ಬಲ್ಲವರಿಗೆ ಒಂದಿಷ್ಟು ಅನುಕೂಲವೂ ಇದೆ. ವಿಭಕ್ತಿ ಅಂದರೆ ಇಂಗ್ಲಿಷ್ ಮಾತ್ರ ಬಲ್ಲವರು ತಡಬಡಾಯಿಸುತ್ತಾರೆ, ನಾವು ಪ್ರಥಮಾ ದ್ವಿತೀಯಾ ಅಂತ ಬಾಯಿಪಾಠ ಮಾಡಿದವರು, ಅಲ್ಲಿರುವುದು ನಾಲ್ಕೇ. ನೀನು, ನೀವು ಅನ್ನುವ ಭೇದ ಅಲ್ಲೂ ಇದೆ, 'ದು' ಮತ್ತು 'ಝೀ'. "ಅಮ್ಮ ಮನೆಯಲ್ಲಿ ಇರುವುದರಿಂದ" ಎಂಬಂಥ ಉಪವಾಕ್ಯದಲ್ಲಿ ಕ್ರಿಯಾಪದ ಅವರಿಗೂ ನಮ್ಮ ಹಾಗೆ ಕೊನೆಗೇ ಬರುತ್ತದೆ. ಪದ ಜೋಡಿಸುವುದಂತೂ ನಮ್ಮ ಸಮಾಸವೇ ಸರಿ. ಫ್ರಿಜ್ಜಿಗೆ ಅವರು 'ಕ್ಯೂಲ್‌ಶ್ರಾಂಕ್' ಅನ್ನುತ್ತಾರೆ, ತಂಪು ಬೀರು ಅಂತ. ಕೈಗವಸಿಗೆ 'ಹಾಂಟ್‌ಶೂ', ಅಂದರೆ ಕೈಗೆ ಹಾಕುವ ಬೂಟು. ಅಷ್ಟೇಕೆ, ಮಕ್ಕಳನ್ನು ಎಲ್‌ಕೆಜಿ, ಯುಕೆಜಿಗೆ ಸೇರಿಸಲು ನಾವು ಕ್ಯೂ ನಿಲ್ಲುತ್ತೇವಲ್ಲ, ಅದರಲ್ಲಿರುವ 'ಕಿಂಡರ್‌ಗಾರ್ಟನ್' ಜರ್ಮನ್ ಪದ. ಫ್ರೀಡ್ರಿಖ್ ಫ್ರೋಬೆಲ್ ಎಂಬ ಶಿಕ್ಷಣತಜ್ಞ 1840ರಲ್ಲಿ ಕೊಟ್ಟ ಹೆಸರು. ಮಕ್ಕಳ ತೋಟ ಅಂತ ಅರ್ಥ.

ಸರಿ, ಭಾಷೆ ಆಯಿತು, ಸಾಹಿತ್ಯ ಯಾಕೆ ಅಂತೀರಾ? ನಾನು ಹೇಳಬೇಕೆಂದಿರುವುದೂ ಅದನ್ನೇ. ಕಾಫ್ಕಾನ 'ರೂಪಾಂತರ' ಕಥೆ 1915ರಲ್ಲಿ ಪ್ರಕಟವಾದದ್ದು. ಅಪ್ಪ, ಅಮ್ಮ, ತಂಗಿ ಮೂವರನ್ನೂ ಸಾಕುತ್ತಿರುವ ಮಗ ಒಂದು ಬೆಳಗ್ಗೆ ಏಳುವಾಗ ದೊಡ್ಡ ಹುಳುವಾಗಿರುತ್ತಾನೆ. ಆಗಲೂ ಅವನಿಗೆ ಚಿಂತೆ ರೈಲು ತಪ್ಪಿತಲ್ಲ, ಕೆಲಸದ ಗತಿಯೇನು ಅಂತ! ದುಡಿಯುವವನು ದುಡಿಯದಾದಾಗ ಮನೆಯವರ ಪ್ರೀತಿ ಹೇಗೆ ಒಣಗುತ್ತಾ ಹೋಗುತ್ತದೆ ನೋಡಿ. ಕೊನೆಗೆ ಅವನು ಸತ್ತ ಮೇಲೆ ಮೂವರೂ ಟ್ರ್ಯಾಮ್ ಹತ್ತಿ ಊರಾಚೆ ಹೊರಡುತ್ತಾರೆ. ಮಗಳು ಚೆಲುವೆಯಾಗಿ ಬೆಳೆದಿದ್ದಾಳೆ, ಇನ್ನು ಇವಳಿಗೊಂದು ಗಂಡು ನೋಡಬೇಕು ಎಂದು ಅಪ್ಪ ಅಮ್ಮನಿಗೆ ಅನ್ನಿಸುತ್ತದೆ. ಕಥೆ ಅಲ್ಲಿಗೇ ಮುಗಿಯುತ್ತದೆ. ಯಾವ ದೇಶದ ಕಥೆ ಇದು, ನೀವೇ ಹೇಳಿ!

ಬ್ರೆಷ್ಟ್ 1944ರಲ್ಲಿ ಬರೆದ 'ಕಕೇಶಿಯನ್ ಸುಣ್ಣದ ವೃತ್ತ' ನಾಟಕವೂ ಹಾಗೇ. ಗಲಭೆಯಲ್ಲಿ ರಾಜ್ಯಪಾಲನ ಹೆಂಡತಿ ತನ್ನ ಬಟ್ಟೆಬರೆ ಆರಿಸುವ ಗಡಿಬಿಡಿಯಲ್ಲಿ ಕೂಸನ್ನೇ ಬಿಟ್ಟು ಓಡುತ್ತಾಳೆ. ಅಡುಗೆಮನೆಯ ಆಳು ಗ್ರೂಶಾ ಅದನ್ನು ಎತ್ತಿಕೊಂಡು, ಬೆಟ್ಟ ಗುಡ್ಡ ಅಲೆದು ಸಾಕುತ್ತಾಳೆ. ಮುಂದೆ ಹೆತ್ತವಳು ಬಂದು ಮಗು ನನ್ನದು ಅನ್ನುತ್ತಾಳೆ. ನ್ಯಾಯಾಧೀಶ ಸುಣ್ಣದಲ್ಲಿ ವೃತ್ತ ಬರೆಸಿ, ಮಗುವನ್ನು ನಡುವೆ ನಿಲ್ಲಿಸಿ, ಇಬ್ಬರೂ ಎಳೆಯಿರಿ ಅನ್ನುತ್ತಾನೆ. ನಮ್ಮ ಜಾತಕ ಕಥೆಯಲ್ಲೂ ಇಂಥದೇ ಪರೀಕ್ಷೆ ಇದೆ, ಅಲ್ಲಿ ನೋವಾದೀತೆಂದು ಕೈ ಬಿಡುವವಳು ಹೆತ್ತ ತಾಯಿ. ಬ್ರೆಷ್ಟ್‌ನಲ್ಲಿ ಕೈ ಬಿಡುವವಳು ಸಾಕಿದವಳು, ಮಗು ಅವಳಿಗೇ ಸೇರುತ್ತದೆ. ಇದನ್ನು ಓದಿ ತರಗತಿಯಲ್ಲಿ ಜಗಳವಾಡಿದ ಹುಡುಗಿಗೂ, ಮೂರೇ ತಿಂಗಳಲ್ಲಿ ವ್ಯಾಕರಣ ಉರುಹೊಡೆದು ಸರ್ಟಿಫಿಕೇಟ್ ಪಡೆದ ಹುಡುಗಿಗೂ ವ್ಯತ್ಯಾಸ ಇರುತ್ತೆ.

ಹಿಟ್ಲರನ ಕಾಲವನ್ನೂ ಓದಲೇಬೇಕು, ಅದನ್ನು ಬಿಟ್ಟು ಜರ್ಮನ್ ಓದು ಇಲ್ಲ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳನ್ನು ಫುಟ್‌ಪಾತಿನಲ್ಲಿ ಹೂಳಲು ಶುರುಮಾಡಿದ. ನಾಜಿಗಳು ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಸತ್ತ ಜಾಗವನ್ನು ಅವರ ಮನೆಯ ಮುಂದೆಯೇ ಬರೆದಿಡುತ್ತಾರೆ. 2023ರ ಹೊತ್ತಿಗೆ ಇವು ಲಕ್ಷ ದಾಟಿದವು. ತಮ್ಮ ಹಿರಿಯರ ತಪ್ಪನ್ನು ತಮ್ಮದೇ ಬೀದಿಯಲ್ಲಿ ಬರೆದಿಟ್ಟುಕೊಳ್ಳುವುದು ಸುಲಭವೇ?

ಭಾಷೆಯನ್ನು ಹೀಗೆ ಇಡಿಯಾಗಿ ಕಲಿಯುವುದು ಹೇಗೆ ಅಂತ ನಮಗೆ ತೋರಿಸಿದವರೂ ಜರ್ಮನ್ನರೇ. ಮತಪ್ರಚಾರಕ್ಕೆ ಬಂದವರು, ಅದು ಬೇರೆ ಮಾತು. 1843ರಲ್ಲಿ ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ದಾಸರ ಪದ, ಬಸವಪುರಾಣಗಳನ್ನೂ ಅಚ್ಚು ಹಾಕಿಸಿದರು. ಕಿಟೆಲ್ ಅವರ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಮೊದಲು, 1875ರಲ್ಲೇ, ನಾಗವರ್ಮನ ಛಂದಸ್ಸಿನ ಗ್ರಂಥ ಸಂಪಾದಿಸಿದ್ದರು. ಸಂತೆಯಲ್ಲಿ ಮಾತಾಡುವಷ್ಟು ಕನ್ನಡ ಸಾಕು ಅಂತ ಅವರು ನಿಂತಿದ್ದರೆ ನಮಗೆ ಆ ನಿಘಂಟು ಸಿಗುತ್ತಿರಲಿಲ್ಲ.

ಇನ್ನು ಹೊಟ್ಟೆಪಾಡು. ಅದನ್ನು ಬಿಟ್ಟು ಮಾತಾಡಿದರೆ ನೀವು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಬಾಷ್ ಭಾರತಕ್ಕೆ ಬಂದದ್ದು 1922ರಲ್ಲಿ. ಬೆಂಗಳೂರಿನಲ್ಲಿ ಇಂದು ಬಾಷ್, ಎಸ್‌ಎಪಿ, ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ ಎಲ್ಲ ಇವೆ. ಭಾಷೆ ಬಲ್ಲವರಿಗೆ ಕೆಲಸ ಉಂಟು, ಆದರೆ ಡಿಗ್ರಿ ಹಿಡಿದ ಕೂಡಲೇ ಕರೆದು ಕೊಡುವುದಿಲ್ಲ. ಸಾಧಾರಣ ಕಾಗದಪತ್ರ ತರ್ಜುಮೆಯನ್ನು ಈಗ ಕಂಪ್ಯೂಟರೇ ಮಾಡಿ ಬಿಸಾಡುತ್ತದೆ. ಹಾಗಾಗಿ ಅರೆಬರೆ ಕಲಿತವರಿಗೇ ಮೊದಲ ಪೆಟ್ಟು, ಆಳವಾಗಿ ಓದಿದವರು ಶಿಕ್ಷಕಿಯಾಗಿ, ಸಾಹಿತ್ಯದ ಅನುವಾದಕಿಯಾಗಿ, ದುಭಾಷಿಯಾಗಿ ನಿಲ್ಲಬಲ್ಲರು ಅನ್ನುವುದು ನನ್ನ ನಂಬಿಕೆ. ಮೊದಲ ಕೆಲವು ವರ್ಷ ಸಂಬಳ ಸಾಫ್ಟ್‌ವೇರ್ ಸೊಸೆಯಂದಿರ ಜೊತೆ ಹೋಲಿಸುವಂತಿರಲಿಕ್ಕಿಲ್ಲ. ಇದನ್ನು ಮಗಳಿಗೂ ಮುಚ್ಚುಮರೆಯಿಲ್ಲದೆ ಹೇಳಿ.

"ಜರ್ಮನಿಯಲ್ಲಿ ಓದು ಫ್ರೀ" ಅನ್ನುವ ಏಜೆಂಟರ ಮಾತನ್ನು ಮಾತ್ರ ಅರ್ಧಕ್ಕೇ ನಂಬಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿರುವುದು ನಿಜ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದೆ. ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ತೋರಿಸಬೇಕು, 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಹತ್ತು ಲಕ್ಷ ರೂಪಾಯಿ ದಾಟುತ್ತೆ. ಬಳೆ ಅಡವಿಡುವ ಮುಂಚೆ ಇವತ್ತಿನ ಮೊತ್ತ ಎಷ್ಟು ಅಂತ ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ಡಿಗ್ರಿ ಇಲ್ಲೇ ಆಗಲಿ, ಮುಂದಿನದು ಆಮೇಲೆ.

ಇಲ್ಲೇ ಅಂದರೆ ಎಲ್ಲಿ? ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಉಂಟು. ಪೂರ್ತಿ ಜರ್ಮನ್ ಆನರ್ಸ್ ಬೇಕಾದರೆ ದೆಹಲಿಯ ಜೆಎನ್‌ಯು ಅಥವಾ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಅಂದರೆ ಹಾಸ್ಟೆಲು. ಜೆಎನ್‌ಯುನಲ್ಲಿ ಅಆಇಈಯಿಂದಲೇ ಶುರುಮಾಡುತ್ತಾರೆ, ಮೊದಲೇ ಜರ್ಮನ್ ಗೊತ್ತಿರಬೇಕಿಲ್ಲ. ಸೇರಲು 2022ರಿಂದ ಸಿಯುಇಟಿ ಬರೆಯಬೇಕು. ಅದರ ಅರ್ಜಿಯ ಕೊನೇ ದಿನ ಸಾಮಾನ್ಯವಾಗಿ ಪಿಯುಸಿ ಫಲಿತಾಂಶಕ್ಕೂ ಮುಂಚೆಯೇ ಬಂದು ಹೋಗುತ್ತದೆ. ಮಾರ್ಕ್ಸ್ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಆ ವರ್ಷ ಕೈತಪ್ಪಿದ ಹಾಗೇ. ಡಿಸೆಂಬರಿನಲ್ಲೇ ಅವರಪ್ಪನನ್ನೂ ಕೂರಿಸಿಕೊಂಡು ಮಾತಾಡಿಬಿಡಿ.